ಚಿನ್ನದ ಪಟ್ಟಿಯಿಂದ ಮಿಲ್ಲಿಂಗ್ ಯಂತ್ರದವರೆಗೆ: ಹಲ್ಲಿನ ಕ್ಯಾಪು, ಬ್ರಿಡ್ಜು

ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ಮಾದನಾಯಕನಹಳ್ಳಿಯ ಕಡೆ ಹೊರಟರೆ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಸಿಗುತ್ತದೆ. ಇಮ್‌ಟೆಕ್ಸ್ ಎಂಬ ಯಂತ್ರೋಪಕರಣ ಮೇಳ ನಡೆಯುವುದು ಅಲ್ಲೇ. ಈ ಭಾಗದ ಶೆಡ್ಡುಗಳಲ್ಲಿ ಸಿಎನ್‌ಸಿ, ವಿಎಂಸಿ ನಡೆಸುವವರಿಗೆ ಮಿಲ್ಲಿಂಗ್ ದಿನನಿತ್ಯದ ಕೆಲಸ. ಅದೇ ತತ್ತ್ವದ ಪುಟ್ಟ ಯಂತ್ರವೊಂದು ಇಂದು ಡೆಂಟಲ್ ಲ್ಯಾಬಿನ ಮೂಲೆಯಲ್ಲಿ ಕೂತು ಅವರ ಬಾಯಿಗೇ ಕ್ಯಾಪು ಕೆತ್ತುತ್ತಿದೆ.

ಹಲ್ಲು ಕಟ್ಟುವ ಆಸೆ ಹಳೆಯದು. ಇಟಲಿಯ ಎಟ್ರಸ್ಕನ್ನರು ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೇ ತೆಳು ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಬ್ರಿಡ್ಜಿನ ಮೂಲ ಉಪಾಯ ಇಂದಿಗೂ ಅದೇ: ಇಲ್ಲದ ಹಲ್ಲಿನ ಭಾರವನ್ನು ಇರುವ ಹಲ್ಲುಗಳ ಮೇಲೆ ಹೊರಿಸುವುದು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಎರಡು ಸಂಪುಟಗಳ ಗ್ರಂಥ ಬರೆದು ಈ ಕುಶಲಕೆಲಸವನ್ನು ವೈದ್ಯಶಾಸ್ತ್ರದೊಳಗೆ ತಂದ. 1889ರಲ್ಲಿ ಅಮೆರಿಕದ ಚಾರ್ಲ್ಸ್ ಲ್ಯಾಂಡ್ ಪಿಂಗಾಣಿ ಕ್ಯಾಪಿಗೆ ಪೇಟೆಂಟ್ ಪಡೆದ. ನೋಡಲು ಚೆಂದ, ಕಚ್ಚಿದರೆ ಬಿರುಕು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚು ಕರಗಿಸಿ ಅದೇ ಜಾಗಕ್ಕೆ ಚಿನ್ನ ಎರೆಯುವ ವಿಧಾನವನ್ನು ದಂತವೈದ್ಯರ ಮುಂದಿಟ್ಟ. ನಮ್ಮ ವಿಗ್ರಹ ಎರಕದವರು ಶತಮಾನಗಳಿಂದ ಮಾಡುತ್ತ ಬಂದ ಕೆಲಸವೇ ಇದು, ಅಳತೆ ಮಾತ್ರ ಹಲ್ಲಿನದು.

ಗಟ್ಟಿಯದು ಹಳದಿ, ಬಿಳಿಯದು ಬಿರುಕು ಬಿಡುವಂಥದ್ದು. ಈ ಇಕ್ಕಟ್ಟನ್ನು ಬಿಡಿಸಿದ್ದು 1962ರಲ್ಲಿ ವೈನ್‌ಸ್ಟೈನ್ ಮತ್ತು ಸಂಗಡಿಗರು ಪಡೆದ ಪೇಟೆಂಟ್. ಬಿಸಿಯಾದಾಗ ಲೋಹ ಎಷ್ಟು ಹಿಗ್ಗುತ್ತದೋ ಹೆಚ್ಚುಕಡಿಮೆ ಅಷ್ಟೇ ಹಿಗ್ಗುವ ಪಿಂಗಾಣಿ ಸಿಕ್ಕಿದ ಮೇಲೆ, ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣ ಎಂಬ ಜೋಡಿ ಕುಲುಮೆಯಲ್ಲೂ ಬಾಯಲ್ಲೂ ಬಾಳಿತು. 1971ರ ನಂತರ ಚಿನ್ನದ ಬೆಲೆ ಡಾಲರಿನ ಹಿಡಿತ ತಪ್ಪಿ ಏರಿತು. ಲ್ಯಾಬುಗಳು ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಕ್ಕೆ ಇಳಿದವು. ನಮ್ಮಲ್ಲಿ ಸಾಮಾನ್ಯ ಜನರ ಬಾಯಿಗೆ ಕ್ಯಾಪು ಬಂದದ್ದು ಬಹುಮಟ್ಟಿಗೆ ಈ ಅಗ್ಗದ ಲೋಹದಿಂದಲೇ. ಅದರ ಜತೆ ಬಂದದ್ದು ಕೆಲವರಿಗೆ ನಿಕ್ಕಲ್ ಅಲರ್ಜಿ, ಒಸಡಿನಂಚಿನಲ್ಲಿ ಕಾಣುವ ಬೂದು ಗೆರೆ, ಮತ್ತು ಉಜ್ಜುವ ಚಕ್ರದ ಮುಂದೆ ಕೂತ ಲ್ಯಾಬ್ ತಂತ್ರಜ್ಞನ ಎದೆಗೆ ಹೋಗುವ ದೂಳು. ಈ ಕೊನೆಯದರ ಬಗ್ಗೆ ರೋಗಿಗೆ ಯಾರೂ ಹೇಳುವುದಿಲ್ಲ.

ವಸ್ತುಗಳ ಕಥೆಯನ್ನು ಹೀಗೆ ಹೊಳಪಿನಲ್ಲಿ ಅಳೆಯುವುದು ವಾಡಿಕೆ. ನನಗೆ ಅದಕ್ಕಿಂತ ಸರಿಯೆನಿಸುವ ಅಳತೆ ಬೇರೆ: ಒಂದು ಕ್ಯಾಪಿಗಾಗಿ ಸ್ವಂತ ಹಲ್ಲು ಎಷ್ಟು ಸವೆಯಬೇಕು? ಲೋಹ-ಪಿಂಗಾಣಿ ಕ್ಯಾಪಿಗೆ ಜಾಗ ಮಾಡಲು ಸುತ್ತ ಒಂದೂವರೆ ಮಿಲಿಮೀಟರ್‌ನಷ್ಟು, ಕಚ್ಚುವ ಮೇಲ್ಭಾಗದಲ್ಲಿ 2 ಮಿಲಿಮೀಟರ್‌ವರೆಗೆ ತೆಗೆಯಬೇಕು. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ರೂಟ್ ಕೆನಾಲ್ ಆಗಿ ಟೊಳ್ಳಾದ ದವಡೆ ಹಲ್ಲಿಗೆ ಇದು ರಕ್ಷಣೆ, ಅದರಲ್ಲಿ ವಾದವಿಲ್ಲ. ಆದರೆ ಬ್ರಿಡ್ಜಿನ ಲೆಕ್ಕ ಕಠಿಣ. ಒಂದು ಹಲ್ಲು ಬಿದ್ದ ಜಾಗ ತುಂಬಲು ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕು. ಆಸರೆ ಹಲ್ಲುಗಳ ಬೇರಿನ ಮೇಲ್ಮೈ, ಬಿದ್ದ ಹಲ್ಲುಗಳ ಬೇರಿನದಕ್ಕಿಂತ ಕಡಿಮೆಯಿರಬಾರದು ಎಂಬ ಆಂಟೆಯ ಸೂತ್ರ 1926ರದು. ಅದು ಭಾರದ ಲೆಕ್ಕ ಹೇಳಿತು, ನಷ್ಟದ ಲೆಕ್ಕ ಹೇಳಲಿಲ್ಲ.

ಆ ನಷ್ಟಕ್ಕೆ ಉತ್ತರ ಎರಡು ಕಡೆಯಿಂದ ಬಂತು. 1955ರಲ್ಲಿ ಮೈಕೆಲ್ ಬುವೊನೊಕೋರ್ ಎನಾಮಲ್ಲಿಗೆ ಆಮ್ಲ ಸವರಿದರೆ ರಾಳ ಭದ್ರವಾಗಿ ಅಂಟುತ್ತದೆ ಎಂದು ತೋರಿಸಿದರು. ಅದರ ಫಲವಾಗಿ 1980ರ ದಶಕದಲ್ಲಿ ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಬಳಕೆಗೆ ಬಂತು. ಇನ್ನೊಂದು, ಸ್ವೀಡನ್ನಿನ ಬ್ರೊನೆಮಾರ್ಕ್ ಕಂಡುಕೊಂಡ ಸಂಗತಿ: ಮೂಳೆ ಟೈಟಾನಿಯಂ ಜತೆ ಬೆಸೆದುಕೊಳ್ಳುತ್ತದೆ. 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರೂ ವೈದ್ಯಲೋಕ ಒಪ್ಪಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರ. ಪಕ್ಕದ ಹಲ್ಲು ಮುಟ್ಟದೆ ಒಂಟಿ ಹಲ್ಲು ನಿಲ್ಲಿಸಬಹುದಾಯಿತು. ದುಡ್ಡು, ದವಡೆ ಮೂಳೆ, ತಿಂಗಳುಗಟ್ಟಲೆ ಕಾಯುವ ತಾಳ್ಮೆ ಮೂರೂ ಇರಬೇಕು, ಅಷ್ಟೇ.

ಇನ್ನು ಯಂತ್ರ. ಜ್ಯೂರಿಕ್‌ನಲ್ಲಿ ಮೋರ್ಮನ್ ಮತ್ತು ಬ್ರಾಂಡೆಸ್ಟಿನಿ 1985ರಲ್ಲಿ ಕ್ಯಾಮೆರಾದಿಂದ ಅಳತೆ ತೆಗೆದು, ರೋಗಿ ಕುರ್ಚಿಯಲ್ಲಿರುವಾಗಲೇ ಪಿಂಗಾಣಿ ತುಂಡನ್ನು ಕೆತ್ತಿ ಕೂರಿಸಿದರು. ಆಮೇಲೆ ಬಂದ ಜಿರ್ಕೋನಿಯಾ ಎಂಬ ಸೆರಾಮಿಕ್ ಆಟವನ್ನೇ ಬದಲಿಸಿತು. ಸೀಮೆಸುಣ್ಣದಷ್ಟು ಮೆದುವಾದ ಬಿಲ್ಲೆಯಲ್ಲಿ ಕ್ಯಾಪನ್ನು ಬೇಕಾದ ಗಾತ್ರಕ್ಕಿಂತ ಶೇಕಡಾ 20-25ರಷ್ಟು ದೊಡ್ಡದಾಗಿ ಕೆತ್ತಿ, ಸುಮಾರು 1500 ಡಿಗ್ರಿಯಲ್ಲಿ ಸುಟ್ಟರೆ ಅದು ಕುಗ್ಗಿ ಅಳತೆಗೆ ಬಂದು ಗಟ್ಟಿಯಾಗುತ್ತದೆ. ಮೇಲೆ ಪಿಂಗಾಣಿ ಹಚ್ಚದೆ ಇಡಿಯಾಗಿ ಬಳಸಿದರೆ ಹಲ್ಲನ್ನು ಅರೆಯುವುದೂ ಕಡಿಮೆ. ಇಷ್ಟಾಗಿ, ಕ್ಯಾಪಿನ ಅಂಚಿಗೂ ಹಲ್ಲಿಗೂ 120 ಮೈಕ್ರಾನ್‌ವರೆಗಿನ ಸಂದು ಪರವಾಗಿಲ್ಲ ಎಂದು ಮ್ಯಾಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ 1971ರಲ್ಲಿ ಹೇಳಿದ ಮಾತನ್ನೇ ಇಂದಿಗೂ ಉಲ್ಲೇಖಿಸುತ್ತಾರೆ. ಬೇರಿಂಗ್ ಕೂರಿಸುವ ಕೆಲಸದಲ್ಲಿ ಅಷ್ಟು ಸಡಿಲ ಬಿಟ್ಟರೆ ಪೀಣ್ಯದಲ್ಲಿ ಮಾಲು ವಾಪಸ್ಸು. ಆದರೆ ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ಎಂಜಲು, ರಕ್ತ, ಅಲುಗಾಡುವ ನಾಲಿಗೆ ಇರುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಕಾಲೇಜು ಹತ್ತಿದ್ದು ತಡವಾಗಿ. 1948ರ ದಂತವೈದ್ಯರ ಕಾಯ್ದೆ ಪದವಿ ಇಲ್ಲದೆ ವೃತ್ತಿ ನಡೆಸುತ್ತಿದ್ದವರಿಗೂ ನೋಂದಣಿಯಲ್ಲಿ 'ಬಿ' ಭಾಗ ಇಟ್ಟಿತ್ತು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರದು, ಮಣಿಪಾಲದ್ದು 1965, ದಾವಣಗೆರೆಯ ಬಾಪೂಜಿ 1979. ಆಮೇಲೆ ಖಾಸಗಿ ಕಾಲೇಜುಗಳ ಸಾಲು. ವೈದ್ಯರಿಗೆ ಬರವಿಲ್ಲ, ತುಮಕೂರು ರಸ್ತೆಯ ಬೋರ್ಡುಗಳೇ ಸಾಕ್ಷಿ. ಬರ ಇರುವುದು ಖರ್ಚು ಹೊರುವವರಿಗೆ. 2014-15ರಲ್ಲಿ ರಾಜ್ಯ ಸರ್ಕಾರ ತಂದ ದಂತಭಾಗ್ಯ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಟ್ಟಿತು. ಒಳ್ಳೆಯ ಯೋಜನೆ, ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಭಾಗ್ಯ. ಮೂವತ್ತೈದರ ಆಪರೇಟರ್‌ಗೆ ಒಡೆದ ದವಡೆ ಹಲ್ಲಿಗೆ ಕ್ಯಾಪು ಬೇಕಾದಾಗ ಅದು ನೆರವಿಗೆ ಬರುವುದಿಲ್ಲ. ಹಾಗಾಗಿ ಅನೇಕರು ಕೀಳಿಸುತ್ತಾರೆ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಜೋಲುತ್ತದೆ. ಕೆಲವು ವರ್ಷಕ್ಕೆ ಒಂದು ಕ್ಯಾಪಿನ ಖರ್ಚು ಮೂರು ಹಲ್ಲಿನ ಬ್ರಿಡ್ಜಿನದಾಗುತ್ತದೆ.

2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಓಡುತ್ತಿದೆ. ಮಾದನಾಯಕನಹಳ್ಳಿಯವರು ಅಲ್ಲಿ ಹತ್ತಿದರೆ, ಎಲ್ಲೂ ಬದಲಿಸದೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜಿಗೆ ನಡೆದು ಹೋಗಬಹುದು. ವಿದ್ಯಾರ್ಥಿಗಳು ಮಾಡುವ ಕೆಲಸವಾದ್ದರಿಂದ ಹಲವು ಸಲ ಅಲೆಯಬೇಕು, ಅಷ್ಟು ರಜೆ ಸಿಗಬೇಕು. ಬ್ರಿಡ್ಜು ಕೂತ ಮೇಲೆ ಅದರ ಅಡಿಯಲ್ಲಿ ನೂಲು ಹಾಯಿಸಿ ಸ್ವಚ್ಛ ಮಾಡುವುದನ್ನು ಅಲ್ಲೇ ಕೇಳಿ ಕಲಿತು ಬರಬೇಕು. ಜಿರ್ಕೋನಿಯಾಕ್ಕೆ ಹುಳುಕು ಹಿಡಿಯುವುದಿಲ್ಲ, ಅದರಡಿಯ ಹಲ್ಲಿಗೆ ಹಿಡಿಯುತ್ತದೆ.