ಮರದಲ್ಲಿ ಕೊರೆದ ಅಕ್ಷರಗಳು

ಮಗುವಿಗೆ ಓದು ಕಲಿಸುವುದು ಹೇಗೆಂಬ ಪ್ರಶ್ನೆ ಬಂದಾಗ ನಾವೆಲ್ಲರೂ ಪಂಡಿತರೇ. ಅಕ್ಷರವನ್ನು ಮೊದಲು ತಿದ್ದಿಸಬೇಕು ಎನ್ನುವವರು ಒಂದು ಪಕ್ಷ. ಪದವನ್ನು ಇಡಿಯಾಗಿ ತೋರಿಸಬೇಕು ಎನ್ನುವವರು ಇನ್ನೊಂದು ಪಕ್ಷ. ಒಳ್ಳೆಯ ಕಥೆಯೊಂದನ್ನು ಕೈಗೆ ಕೊಟ್ಟುಬಿಟ್ಟರೆ ಅಕ್ಷರವೂ ಪದವೂ ತಾವಾಗಿಯೇ ಹಿಂಬಾಲಿಸುವುವು ಎನ್ನುವ ಮೂರನೆಯ ಪಕ್ಷವೂ ಉಂಟು. ಈ ವಾದವು ನಮ್ಮ ಕಾಲದಲ್ಲಿ ಹುಟ್ಟಿತೆಂದು ಭಾವಿಸುವವರು ಇಂಗ್ಲೆಂಡಿನಲ್ಲಿ 1765ರಲ್ಲಿ ಹೊರಬಂದ ಒಂದು ಸಣ್ಣ ಮಕ್ಕಳ ಪುಸ್ತಕವನ್ನು ತೆರೆದು ನೋಡಬೇಕು. ಅದರ ಹೆಸರು ‘ಗುಡಿ ಟೂ-ಷೂಸ್’. ಈ ‘ಗುಡಿ’ ನಮ್ಮ ದೇವಾಲಯವಲ್ಲ. ಹಳ್ಳಿಯ ಬಡ ಹೆಂಗಸನ್ನು ಆ ಕಾಲದ ಇಂಗ್ಲಿಷಿನಲ್ಲಿ ಕರೆಯುತ್ತಿದ್ದ ಮಾತು. ಹೆಸರಿನ ಉಳಿದ ಭಾಗಕ್ಕೆ ಕನ್ನಡದಲ್ಲಿ ಒಂದು ಅನುಕೂಲವಿದೆ: ನಮ್ಮಲ್ಲಿ ಜೋಡು ಎಂದರೆ ಎರಡೂ ಹೌದು, ಪಾದರಕ್ಷೆಯೂ ಹೌದು. ಕಥೆಯ ಹುಡುಗಿಗೆ ಮೊದಲು ಇದ್ದದ್ದು ಒಂದೇ ಕಾಲಿನ ಜೋಡು. ಎರಡನೆಯದು ದೊರೆತ ದಿವಸ ಅವಳು ಊರಿನವರಿಗೆಲ್ಲ ಕಾಲು ತೋರಿಸುತ್ತ ಓಡಾಡಿದಳು. ಅದೇ ಅವಳ ಹೆಸರಾಯಿತು.

ಕಥೆಯ ವಿಶೇಷವನ್ನು ತಿಳಿಯಬೇಕಾದರೆ ಅದಕ್ಕೆ ಮುಂಚೆ ಆ ದೇಶದ ಮಕ್ಕಳು ಏನನ್ನು ಓದುತ್ತಿದ್ದರೆಂಬುದನ್ನು ಸ್ವಲ್ಪ ನೋಡಬೇಕು. ಹಿಡಿಯುಳ್ಳ ಒಂದು ಪುಟ್ಟ ಮರದ ಹಲಗೆ. ಅದಕ್ಕೆ ಅಂಟಿಸಿದ ಒಂದು ಹಾಳೆ. ಹಾಳೆ ಕೊಳೆಯಾಗದಂತೆ ಅದರ ಮೇಲೆ ಪ್ರಾಣಿಯ ಕೊಂಬಿನಿಂದ ತೆಗೆದ, ಬೆಳಕು ಹಾಯುವಷ್ಟು ತೆಳುವಾದ ಹೊದಿಕೆ. ಇದನ್ನು ‘ಹಾರ್ನ್‌ಬುಕ್’ ಎನ್ನುತ್ತಿದ್ದರು. ಅದರಲ್ಲಿ ಅಕ್ಷರಮಾಲೆ, ನಮ್ಮ ಕಾಗುಣಿತವನ್ನು ನೆನಪಿಗೆ ತರುವ ಸ್ವರವ್ಯಂಜನಗಳ ಜೋಡಣೆ, ಕ್ರೈಸ್ತರ ಒಂದು ಪ್ರಾರ್ಥನೆ ಇರುತ್ತಿದ್ದುವು. ಅದು ಮುಗಿದರೆ ಪ್ರಾರ್ಥನೆಯ ಪುಸ್ತಕ, ಕೀರ್ತನೆಗಳು, ಬೈಬಲ್ಲು. ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಕಡತದ ಮೇಲೆ ಬಳಪದಿಂದ ಬರೆದು, ಅಲ್ಲಿಂದ ಒಂದೇ ಹಾರಿಗೆ ಅಮರಕ್ಕೂ ಜೈಮಿನಿ ಭಾರತಕ್ಕೂ ಜಿಗಿಯುತ್ತಿದ್ದ ನಮ್ಮ ಕೂಲಿಮಠದ ಹುಡುಗನ ಪಾಡೂ ಹೆಚ್ಚು ಬೇರೆಯಾಗಿರಲಿಲ್ಲ. ಎರಡು ಕಡೆಯೂ ಮಗುವಿನ ಅಳತೆಗೆ ಹೊಲಿದ ಅಂಗಿಯೇ ಇರಲಿಲ್ಲ. ತಂದೆಯ ಅಂಗಿಯನ್ನೇ ತೊಡಿಸಿ, ಬೆಳೆದಾಗ ಸರಿಹೋಗುತ್ತದೆ ಎಂದು ಬಿಟ್ಟುಬಿಡುತ್ತಿದ್ದರು.

ಇದು ತಪ್ಪೆಂದು ಗಟ್ಟಿಯಾಗಿ ಹೇಳಿದವರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್ ಪ್ರಮುಖನು. 1693ರಲ್ಲಿ ಅಚ್ಚಾದ ಶಿಕ್ಷಣವಿಚಾರದ ಗ್ರಂಥದಲ್ಲಿ ಅವನು, ಓದುವುದು ಮಗುವಿಗೆ ದಂಡನೆಯಾಗದೆ ಆಟವಾಗಬೇಕೆಂದು ವಾದಿಸಿದನು. ಹಲವು ಮುಖಗಳುಳ್ಳ ಚೆಂಡಿನ ಮೇಲೆ ಅಕ್ಷರಗಳನ್ನು ಅಂಟಿಸಿ ದಾಳದಂತೆ ಉರುಳಿಸಿ ಆಡಿಸಬಹುದೆಂದನು. ಓದು ಬಂದ ಕೂಡಲೇ ಈಸೋಪನ ನೀತಿಕಥೆಗಳಂಥ ಹಗುರವಾದ, ಸಾಧ್ಯವಾದರೆ ಚಿತ್ರಗಳುಳ್ಳ, ಪುಸ್ತಕವನ್ನು ಕೊಡಬೇಕೆಂದನು. ಆದರೆ ಲಾಕನ ಮನಸ್ಸಿನಲ್ಲಿದ್ದದ್ದು ಸಿರಿವಂತರ ಮನೆಯ ಮಗ. ಆಟಕ್ಕೆ ದಂತದ ಚೆಂಡು ದೊರೆಯುವ ಮನೆಯ ಮಗ.

ಈ ಅಭಿಪ್ರಾಯವನ್ನು ಹಿಡಿದು ವ್ಯಾಪಾರ ಮಾಡಿದವನು ಲಂಡನ್ನಿನ ಪುಸ್ತಕ ಪ್ರಕಾಶಕ ಜಾನ್ ನ್ಯೂಬೆರಿ. 1744ರಲ್ಲಿ ಅವನು ಮಕ್ಕಳಿಗಾಗಿ ಒಂದು ಕಿಸೆಪುಸ್ತಕವನ್ನು ಆರು ಪೆನ್ಸಿಗೆ ಮಾರಿದನು. ಇನ್ನೆರಡು ಪೆನ್ಸು ಕೊಟ್ಟರೆ ಗಂಡುಮಗುವಿಗೆ ಚೆಂಡು, ಹೆಣ್ಣುಮಗುವಿಗೆ ಗುಂಡುಸೂಜಿ ಚುಚ್ಚುವ ಮೆತ್ತೆ. ಆಳು ಬಹಳ ಜಾಣ. ಡಾಕ್ಟರ್ ಜೇಮ್ಸನ ಜ್ವರದ ಪುಡಿಯನ್ನೂ ಅವನೇ ಮಾರುತ್ತಿದ್ದನು. ನಮ್ಮ ಕಥೆಯಲ್ಲಿ ಹುಡುಗಿಯ ತಂದೆ ಜ್ವರದಿಂದ ಸಾಯುತ್ತಾನೆ. ಏಕೆಂದರೆ ಅವನು ಮಲಗಿದ ಊರಿನಲ್ಲಿ ಆ ಪುಡಿ ಸಿಕ್ಕುತ್ತಿರಲಿಲ್ಲವಂತೆ! ಶೋಕಸ್ಥಾನದಲ್ಲಿಯೂ ಅಂಗಡಿಯನ್ನು ಮರೆಯದ ಈ ಪ್ರಕಾಶಕನಿಗೆ ಸಿಟ್ಟಾಗುವುದೋ ನಗುವುದೋ ನಮಗೆ ತೋರದು. ಮುಖಪುಟದಲ್ಲಿಯೂ ಇಂಥದೇ ಚೇಷ್ಟೆ: ಮೂಲ ಹಸ್ತಪ್ರತಿ ರೋಮಿನ ವ್ಯಾಟಿಕನ್ನಿನಲ್ಲಿದೆಯೆಂದೂ ಚಿತ್ರಗಳು ಮೈಕೆಲ್ ಏಂಜಲೋನವೆಂದೂ ಅಚ್ಚು ಹಾಕಿಸಿದ್ದಾನೆ. ಬರೆದವರಾರೆಂಬುದು ಮಾತ್ರ ಪುಸ್ತಕದಲ್ಲಿಲ್ಲ. ಕವಿ ಆಲಿವರ್ ಗೋಲ್ಡ್‌ಸ್ಮಿತನದೆಂದು ಬಹುಕಾಲದ ಪ್ರತೀತಿ, ಜೋನ್ಸ್ ಸೋದರರದೆಂದು ಬೇರೆ ಕೆಲವರ ಮತ, ನಿರ್ಣಯವಾಗಿಲ್ಲ.

ಇನ್ನು ಕಥೆ. ಮಾರ್ಜರಿ ಮೀನ್‌ವೆಲ್ ಎಂಬ ಹುಡುಗಿ, ಟಾಮಿ ಎಂಬ ಅವಳ ತಮ್ಮ. ತಂದೆ ಗೇಣಿಗೆ ಹೊಲ ಮಾಡಿಕೊಂಡಿದ್ದವನು. ಜಮೀನಿನ ಒಡೆಯ ಸರ್ ತಿಮೊಥಿ ಗ್ರೈಪ್, ಊರಿನ ದೊಡ್ಡ ಒಕ್ಕಲಿಗ ಗ್ರಾಸ್‌ಪಾಲ್, ಇವರಿಬ್ಬರೂ ಕೂಡಿ ಅವನನ್ನು ನೆಲದಿಂದ ಎಬ್ಬಿಸಿ ಹಾಕುತ್ತಾರೆ. ಹಿಡಿಗಂಟು, ಎಲ್ಲ ಬಾಚುವವ, ಎಂದು ಆ ಹೆಸರುಗಳಿಗೆ ಅರ್ಥ. ತಂದೆತಾಯಿಗಳು ಕೊರಗಿ ಸತ್ತರು; ಮಕ್ಕಳು ಬೇಲಿಯ ಹಣ್ಣನ್ನು ತಿಂದು, ಕೊಟ್ಟಿಗೆಗಳಲ್ಲಿ ಮಲಗಿ ಬದುಕಿದರು. ತಮ್ಮನನ್ನು ಒಬ್ಬ ಸದ್ಗೃಹಸ್ಥನು ಹಡಗಿಗೆ ಸೇರಿಸಿದನು. ಅಕ್ಕನಿಗೆ ಜೋಡು ಕೊಡಿಸಿದನು. ಅವಳಿಗೆ ಆಶ್ರಯ ಕೊಟ್ಟಿದ್ದ ಪಾದ್ರಿಯನ್ನು ಅದೇ ಇಬ್ಬರು ಹೆದರಿಸಿದುದರಿಂದ ಆ ಮನೆಯೂ ಅವಳಿಗೆ ತಪ್ಪಿತು.

ಇಂಥ ಹುಡುಗಿ ಓದು ಕಲಿತದ್ದು ಹೇಗೆ? ಪಾಠಶಾಲೆ ಬಿಟ್ಟು ಮನೆಗೆ ಹೋಗುವ ಮಕ್ಕಳನ್ನು ದಾರಿಯಲ್ಲಿ ತಡೆದು ಅವರ ಪುಸ್ತಕವನ್ನು ಕಡ ಕೇಳುವಳು; ಅವರು ಮರಳಿ ಬರುವವರೆಗೆ ಕೂತು ಓದುವಳು. ಹೀಗೆ ಶಾಲೆಗೆ ಹೋದವರಿಗಿಂತ ಶಾಲೆಗೆ ಹೋಗದವಳೇ ಮುಂದಾದಳು. ಆಮೇಲೆ ತನಗೆ ಬಂದದ್ದನ್ನು ಇತರರಿಗೆ ಕೊಡಬೇಕೆಂದು ತೋರಿತು. ಪುಸ್ತಕ ಕೊಳ್ಳಲು ಹಣವೆಲ್ಲಿಯದು? ಕತ್ತಿ ಹಿಡಿದು ಮರದ ಚೂರುಗಳಲ್ಲಿ ಅಕ್ಷರಗಳನ್ನು ಕೊರೆದಳು: ಸಣ್ಣ ಅಕ್ಷರಗಳು ಹತ್ತು ಜೊತೆ, ದೊಡ್ಡವು ಆರು ಜೊತೆ. ಅವುಗಳನ್ನು ಬುಟ್ಟಿಗೆ ತುಂಬಿಕೊಂಡು ಮನೆಮನೆಗೆ ತಿರುಗುವ ಉಪಾಧ್ಯಾಯಿನಿಯಾದಳು. ಸಣ್ಣ ಅಕ್ಷರಗಳು ಹೆಚ್ಚು ಏಕೆಂಬುದನ್ನು ಅಚ್ಚುಕೂಟದವರನ್ನು ಕೇಳಿದರೆ ಹೇಳುವರು. ವಾಕ್ಯ ಜೋಡಿಸುವಾಗ ಖರ್ಚಾಗುವುದು ಅವೇ. ಕಥೆ ಬರೆದವನು ಮೊಳೆ ಜೋಡಿಸುವ ಕೆಲಸವನ್ನು ಹತ್ತಿರದಿಂದ ಕಂಡವನೆಂಬುದಕ್ಕೆ ನಮಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೊದಲನೆಯ ಮನೆಯಲ್ಲಿ ಬಿಲ್ಲಿ ಎಂಬ ಪುಟ್ಟ ಹುಡುಗ. ಅವನ ಮುಂದೆ ಅವಳು ಅಕ್ಷರಗಳನ್ನು ಕ್ರಮ ತಪ್ಪಿಸಿ ಹರಡುತ್ತಾಳೆ. ಅವನು ಆರಿಸಿ ಸಾಲಿಗೆ ಇಡಬೇಕು. ಅಕ್ಷರಮಾಲೆಯನ್ನು ಹಾಡಿನಂತೆ ಒಪ್ಪಿಸುವ ಮಗುವಿಗೆಲ್ಲ ಅಕ್ಷರದ ಗುರುತು ಸಿಕ್ಕಿರುತ್ತದೆಂದು ಹೇಳುವಂತಿಲ್ಲವಷ್ಟೆ. ‘ಅ’ದಿಂದ ‘ಳ’ದವರೆಗೆ ಒಂದೇ ಉಸಿರಿಗೆ ಹೇಳಿದ ಕೂಸು ನಡುವಣ ‘ಥ’ವನ್ನು ತೋರಿಸಿದರೆ ಮತ್ತೆ ‘ಅ’ದಿಂದ ಆರಂಭಿಸುವುದನ್ನು ನಮ್ಮ ಮನೆಗಳಲ್ಲಿಯೂ ಕಂಡಿದ್ದೇವೆ. ಇನ್ನೊಂದು ಮನೆಯಲ್ಲಿ ಕಾಗುಣಿತದಂಥ ಜೋಡಣೆಯ ಪಾಠ. ಆಮೇಲೆ ಬರುವುದು ಬಡಮಕ್ಕಳೇ ಕೂಡಿದ್ದ ಒಂದು ಗುಡಿಸಿಲು. ಇಡೀ ಪುಸ್ತಕದಲ್ಲಿ ನಮಗೆ ಮರೆಯದೆ ಉಳಿದಿರುವುದು ಈ ಭಾಗ.

ಮಾರ್ಜರಿ ಬುಟ್ಟಿಯನ್ನು ಬಿಚ್ಚಿ, ಪಕ್ಕದ ಹುಡುಗನನ್ನು ಕೇಳುತ್ತಾಳೆ: ಈ ಹೊತ್ತು ಊಟಕ್ಕೆ ಏನಿತ್ತು? ರೊಟ್ಟಿ, ಎಂದು ಅವನ ಉತ್ತರ. ಬೇರೇನೂ ಇಲ್ಲ. ಬಡವರ ಮಕ್ಕಳ ಬಾಳು ಕಷ್ಟವೆಂದು ಗ್ರಂಥಕಾರನು ಆವರಣದೊಳಗೆ ಒಂದು ಮಾತು ಸೇರಿಸಿ ಮುಂದೆ ಹೋಗುತ್ತಾನೆ. ಹಾಗಾದರೆ ಮೊದಲ ಅಕ್ಷರವಿಡು, ಎನ್ನುತ್ತಾಳೆ ಅವಳು. ಹುಡುಗನು ‘ಬ್ರೆಡ್’ ಎಂಬುದರ ಮೊದಲ ಅಕ್ಷರವನ್ನಿಟ್ಟನು, ಪಕ್ಕದವನು ಎರಡನೆಯದನ್ನು, ಹೀಗೆ ಐದು ಮಕ್ಕಳು ಐದು ಅಕ್ಷರವನ್ನಿಟ್ಟು ಪದ ನಿಂತಿತು. ಇನ್ನೊಬ್ಬ ಹುಡುಗಿಯ ಊಟ ಸೇಬಿನ ಕಡುಬು. ಆ ಪದವೂ ಎದ್ದಿತು. ಮತ್ತೊಂದು ಮಗುವಿಗೆ ಆಲೂಗಡ್ಡೆ. ಮತ್ತೊಂದಕ್ಕೆ ಮಾಂಸ, ಗಡ್ಡೆ. ಊರಿನ ಬಡತನ, ಸಿರಿತನಗಳ ಲೆಕ್ಕವೇ ಮೇಜಿನ ಮೇಲೆ ಮರದ ಅಕ್ಷರಗಳಲ್ಲಿ ನಿಂತುಬಿಟ್ಟಿತು. ಮಕ್ಕಳಿಗೆ ಅದು ಬರಿಯ ಆಟ.

ಇಲ್ಲಿ ಬೋಧನಕ್ರಮದ ದೃಷ್ಟಿಯಿಂದ ಒಂದು ದೋಷವನ್ನು ಒಪ್ಪಬೇಕು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಉಚ್ಚಾರ ಬೇರೆ. ‘ಬೀ, ಆರ್, ಈ, ಏ, ಡೀ’ ಎಂದು ಎಷ್ಟು ಸಲ ಕೂಗಿದರೂ ಅದರೊಳಗಿನಿಂದ ‘ಬ್ರೆಡ್’ ಹೊರಬೀಳುವುದಿಲ್ಲ. ನಡುವಿನ ‘ಏ’ ಅಂತೂ ಬಾಯಿಯನ್ನೇ ತೆರೆಯುವುದಿಲ್ಲ. ಕನ್ನಡದ ಮಗು ಈ ವಿಷಯದಲ್ಲಿ ಭಾಗ್ಯಶಾಲಿ. ‘ರೊ’ ಎಂಬುದರ ಹೆಸರೂ ‘ರೊ’, ಶಬ್ದವೂ ‘ರೊ’. ನಮ್ಮ ತೊಡಕು ಬೇರೆ ಕಡೆ: ಒತ್ತಕ್ಷರದಲ್ಲಿ. ಅದರಲ್ಲಿಯೂ ಅರ್ಕಾವೊತ್ತು. ‘ಸೂರ್ಯ’ ಎಂದು ಬರೆದಾಗ ರೇಫದ ಗುರುತು ಯಕಾರದ ಬಲಕ್ಕೆ ಕೂರುತ್ತದೆ, ಉಚ್ಚಾರದಲ್ಲಿ ಮುಂದಾಗಿ ಬರುತ್ತದೆ. ಕಣ್ಣು ಹಿಂದೆ ಕಂಡದ್ದನ್ನು ನಾಲಗೆ ಮೊದಲು ಹೇಳಬೇಕು. ಇಂಗ್ಲಿಷ್ ಮಗು ಹೆಜ್ಜೆಹೆಜ್ಜೆಗೂ ಪಡುವ ಪಾಡನ್ನು ನಮ್ಮ ಮಗು ಇಂಥ ಕೆಲವೇ ತಾವುಗಳಲ್ಲಿ ಪಡುತ್ತದೆ.

ಆದರೆ ದೋಷವನ್ನು ಮೀರಿಸುವ ಗುಣವೊಂದು ಮಾರ್ಜರಿಯ ಪಾಠದಲ್ಲಿದೆ. ಅವಳು ಕೊಟ್ಟ ಪದ ಮಗುವಿನ ಬಾಯಿಯಲ್ಲಿ ಆಗಲೇ ಇತ್ತು, ಹೊಟ್ಟೆಯಲ್ಲಿಯೂ ಇತ್ತು. ತಿಳಿಯದ ಪದವನ್ನು ತಿಳಿಯದ ಅಕ್ಷರಗಳಿಂದ ಕಟ್ಟುವುದು ಎರಡು ಕತ್ತಲೆಗಳನ್ನು ಕೂಡಿಸಿದಂತೆ. ತಿಳಿದ ಪದವನ್ನು ಬಿಡಿಸಿ, ಅದರ ಶಬ್ದ ಎಲ್ಲೆಲ್ಲಿ ಒಡೆಯುತ್ತದೆಂದು ಹುಡುಕಿ, ಒಂದೊಂದು ಚೂರನ್ನೂ ಕೈಯಲ್ಲಿ ಹಿಡಿದು ಇಡುವುದು ಬೇರೆ. ಅದಲ್ಲದೆ ಒಬ್ಬೊಬ್ಬರಿಗೆ ಒಂದೊಂದು ಅಕ್ಷರವೆಂದ ಮೇಲೆ, ತನ್ನ ಸರದಿ ಬರುವವರೆಗೆ ಪ್ರತಿಯೊಂದು ಮಗುವೂ ಪದವನ್ನು ಮನಸ್ಸಿನಲ್ಲಿ ಕಟ್ಟುತ್ತಿರಬೇಕು. ಅಮೆರಿಕದ ರಾಷ್ಟ್ರೀಯ ವಾಚನ ಮಂಡಲಿಯು 2000ದಲ್ಲಿ ನೂರಾರು ಪ್ರಯೋಗಗಳನ್ನು ಪರಿಶೀಲಿಸಿ ಹೊರಡಿಸಿದ ವರದಿಯಲ್ಲಿ, ಪದದ ಶಬ್ದಗಳನ್ನು ಬಿಡಿಸುವ ಅಭ್ಯಾಸವು ಬರಿಯ ಬಾಯಿಮಾತಿನಲ್ಲಿ ನಡೆಯುವುದಕ್ಕಿಂತ ಅಕ್ಷರಗಳ ಜೊತೆಯಲ್ಲಿ ನಡೆದರೆ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿತು. ಮಾರ್ಜರಿಯ ಬುಟ್ಟಿಗೆ 235 ವರ್ಷಗಳ ಮೇಲೆ ಸಿಕ್ಕಿದ ಪ್ರಮಾಣಪತ್ರವೆಂದು ಇದನ್ನು ನಾವು ಭಾವಿಸಿದರೆ ತಪ್ಪಾಗಲಾರದು.

ಮಗುವಿಗೆ ಮಗುವೇ ಗುರುವಾಗುವ ಈ ಕ್ರಮಕ್ಕೆ ನಮ್ಮ ಕಡೆಯ ಸಂಬಂಧವೂ ಒಂದುಂಟು. 1789ರಲ್ಲಿ ಮದರಾಸಿನ ಒಂದು ಅನಾಥ ಬಾಲಕಾಶ್ರಮದ ಮೇಲ್ವಿಚಾರಣೆಗೆ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ಆ ಪ್ರಾಂತದ ಒಂದು ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡನು. ಮರಳಿನ ತಟ್ಟೆಯನ್ನು ತನ್ನ ಶಾಲೆಗೆ ತಂದನು. ದೊಡ್ಡ ಉಪಾಧ್ಯಾಯರು ಒಪ್ಪದಿರಲು ಹುಡುಗರಿಂದಲೇ ಹುಡುಗರಿಗೆ ಕಲಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು; ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ನಮ್ಮ ಮರಳು ಹೀಗೆ ಹೋಯಿತು.

ಕಥೆಯ ಎರಡನೆಯ ಭಾಗದಲ್ಲಿ ಮಾರ್ಜರಿ ಊರಿನ ಶಾಲೆಗೆ ಒಡತಿಯಾಗುತ್ತಾಳೆ. ಅವಳು ಸಾಕಿದ ಕಾಗೆಯ ಜಾತಿಯ ಹಕ್ಕಿಗೆ ದೊಡ್ಡ ಅಕ್ಷರಗಳ ಮೇಲೆ ಪ್ರೀತಿ, ಪಾರಿವಾಳಕ್ಕೆ ಸಣ್ಣ ಅಕ್ಷರಗಳ ಮೇಲೆ. ಮಳೆಬಿಸಿಲುಗಳನ್ನು ಮುನ್ನರಿಯುವ ವಾಯುಭಾರಯಂತ್ರವನ್ನು ನೋಡಿ ಅವಳು ರೈತರಿಗೆ ಹುಲ್ಲು ಕೊಯ್ಯುವ ದಿನ ಹೇಳುತ್ತಾಳೆ. ನೆರೆಯೂರಿನವರ ಹುಲ್ಲು ನೆನೆದು, ಇವಳು ಮಾಟಗಾತಿಯೆಂದು ದೂರು ಹೋಗುತ್ತದೆ. ಓದು ಬಂದ ಬಡ ಹೆಂಗಸನ್ನು ಊರು ನೋಡುವ ಬಗೆ ಇದು. ಯಂತ್ರವನ್ನೇ ವಿಚಾರಣೆಯಲ್ಲಿ ತೋರಿಸಿ ಅವಳು ಪಾರಾಗುತ್ತಾಳೆ. ಕೊನೆಗೆ ಮದುವೆ, ಐಶ್ವರ್ಯ. ಅದನ್ನು ವಿವರಿಸುವ ಅಗತ್ಯವಿಲ್ಲ.

ಈ ಪುಸ್ತಕಕ್ಕೆ ಆಕ್ಷೇಪಣೆ ಬಂದದ್ದು ಅಕ್ಷರಗಳ ವಿಷಯದಲ್ಲಲ್ಲ. ಮಕ್ಕಳ ಪುಸ್ತಕಗಳನ್ನು ವಿಮರ್ಶಿಸಲೆಂದೇ 1802ರಲ್ಲಿ ಪತ್ರಿಕೆ ಆರಂಭಿಸಿದ ಸಾರಾ ಟ್ರಿಮರ್ ಎಂಬ ಮಹಿಳೆ ಕಥೆಯನ್ನು ಮೆಚ್ಚಿದಳು. ಆದರೆ ಪೀಡಿಸುವ ಜಮೀನುದಾರರ ತಪ್ಪುಗಳ ಮೇಲೆ ತೆರೆ ಎಳೆದಿದ್ದರೆ ಚೆನ್ನಾಗಿತ್ತೆಂದಳು. ಫ್ರಾನ್ಸಿನ ಕ್ರಾಂತಿಯ ಬಿಸಿ ಇನ್ನೂ ಆರಿರದ ಕಾಲ. ಬಡವರನ್ನು ಮೇಲಿನವರ ಮೇಲೆ ಎತ್ತಿಕಟ್ಟುವುದೆಂಬ ಭಯ. ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಬಡಮಗುವಿಗೆ ಓದು ಬರಬೇಕು, ಆದರೆ ತನ್ನ ತಂದೆಯ ಹೊಲ ಹೋದದ್ದು ಹೇಗೆಂಬುದನ್ನು ಅದು ಓದಬಾರದು ಎಂಬುದು ಈ ಮಾತಿನ ತಾತ್ಪರ್ಯ. ಅದೇ ವರ್ಷ ಚಾರ್ಲ್ಸ್ ಲ್ಯಾಂಬ್ ಗೆಳೆಯ ಕೋಲ್‌ರಿಜ್‌ಗೆ ಬರೆದ ಪತ್ರದಲ್ಲಿ ಬೇರೆಯ ಅಳಲಿದೆ: ಅಂಗಡಿಯಲ್ಲಿ ಕೇಳಿದರೆ ಗುಡಿ ಟೂ-ಷೂಸ್ ಸಿಕ್ಕುವುದೇ ಕಷ್ಟ, ಬಾರ್ಬಾಲ್ಡ್ ಮೊದಲಾದವರ ಉಪಯುಕ್ತ ಪಾಠಗಳು ಹಳೆಯ ಕಥೆಗಳನ್ನೆಲ್ಲ ಓಡಿಸಿಬಿಟ್ಟಿವೆ, ಎಂದು. ಲ್ಯಾಂಬ್ ಸ್ವಲ್ಪ ಅನ್ಯಾಯ ಮಾಡಿದನೆಂದು ನಮ್ಮ ಮತ. 1778ರಿಂದ ಹೊರಬಂದ ಬಾರ್ಬಾಲ್ಡ್ ಅವರ ಪಾಠಗಳಲ್ಲಿ ದಪ್ಪ ಅಚ್ಚು, ಅಗಲವಾದ ಅಂಚು, ತಾಯಿ ಮಗುವಿನೊಡನೆ ಆಡುವ ಮಾತು ಇದ್ದುವು. ಎಳೆಯ ಕಣ್ಣಿಗೆ ಅದೂ ಒಂದು ಉಪಕಾರವೇ.

ಕಥೆಗೂ ಪಾಠಕ್ಕೂ ಇರುವ ಈ ಜಗಳ ಅಮೆರಿಕದಲ್ಲಿ 1950ರ ದಶಕದಲ್ಲಿ ಮತ್ತೆ ತಲೆಯೆತ್ತಿತು. ಪದವನ್ನು ಇಡಿಯಾಗಿ ನೋಡಿ ಗುರುತಿಸುವ ಕ್ರಮದ ವಾಚನಪುಸ್ತಕಗಳು ನೀರಸವೆಂದು 1954ರಲ್ಲಿ ಜಾನ್ ಹರ್ಸಿ ಬರೆದನು. ಮರುವರ್ಷ ರುಡಾಲ್ಫ್ ಫ್ಲೆಷ್, ಅಕ್ಷರದ ಶಬ್ದ ಕಲಿಸದಿರುವುದೇ ಮೂಲರೋಗವೆಂದನು. 1957ರಲ್ಲಿ ಡಾಕ್ಟರ್ ಸ್ಯೂಸ್ ಎಂಬ ಹೆಸರಿನ ಚಿತ್ರಕಾರ ಥಿಯೊಡೋರ್ ಗೈಸೆಲ್, ಪ್ರಕಾಶಕನು ಕೊಟ್ಟ ಪದಪಟ್ಟಿಗೆ ಕಟ್ಟುಬಿದ್ದು, ಕೇವಲ 236 ಬೇರೆಬೇರೆ ಪದಗಳಲ್ಲಿ ಟೋಪಿಯ ಬೆಕ್ಕಿನ ಕಥೆಯನ್ನು ಹೆಣೆದನು. ಪ್ರಾಸವೇ ಅಲ್ಲಿ ಗುರು: ಒಂದು ಪದ ಓದಲು ಬಂದರೆ ಮೊದಲಕ್ಷರ ಬದಲಾಯಿಸಿ ಇನ್ನೊಂದನ್ನು ಮಗುವೇ ಬಿಡಿಸಿಕೊಳ್ಳುತ್ತದೆ. ಮಾರ್ಜರಿಯ ಮರದ ಚೂರನ್ನು ಗೈಸೆಲ್ ಪ್ರಾಸದಿಂದ ಮಾಡಿದನು.

ಅಮೆರಿಕದಲ್ಲಿ 1922ರಿಂದ ಪ್ರತಿವರ್ಷವೂ ಉತ್ತಮ ಬಾಲಸಾಹಿತ್ಯಕ್ಕೆ ಕೊಡುತ್ತ ಬಂದಿರುವ ಪದಕಕ್ಕೆ ನ್ಯೂಬೆರಿಯ ಹೆಸರಿದೆ. ಅವನು ಪ್ರಕಟಿಸಿದ ಹುಡುಗಿಯ ಹೆಸರಿಗೆ ಬಂದ ಗತಿ ಬೇರೆ. ಇಂಗ್ಲಿಷ್ ಆಡುವವರು ಈಗ ‘ಗುಡಿ ಟೂ-ಷೂಸ್’ ಎಂದರೆ ತನ್ನ ಒಳ್ಳೆಯತನವನ್ನು ಎಲ್ಲರೆದುರಿಗೆ ಮೆರೆಸುವವಳೆಂದು ಗೇಲಿ. ಹಾಗೆ ಗೇಲಿ ಮಾಡುವವರಲ್ಲಿ ಬಹುಮಂದಿಗೆ ಆ ಹುಡುಗಿಯ ಕೈಯಲ್ಲಿ ಒಂದು ಬುಟ್ಟಿಯಿತ್ತೆಂಬುದು ತಿಳಿಯದು.