ಸೂರ್ಯಕಾಂತಿಯ ಹೈಬ್ರಿಡ್ ಬೀಜ ಬಂದ ಬಗೆ

ಹರವೆ, ಗುಂಡ್ಲುಪೇಟೆ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಸೂರ್ಯಕಾಂತಿ ಪರಿಚಿತ ಬೆಳೆ. ಉರ್ದುವಿನಲ್ಲಿ ಇದನ್ನು ಸೂರಜ್‌ಮುಖಿ ಎನ್ನುತ್ತೇವೆ. ಎಣ್ಣೆ ಬೆಳೆಯಾಗಿ ಇದು ನಮ್ಮ ದೇಶಕ್ಕೆ ಬಂದದ್ದು 1969ರಲ್ಲಿ, ರಷ್ಯಾದಿಂದ. ಆ ತಳಿಗಳಿಂದ ರೈತರು ತಾವೇ ಬೀಜ ತೆಗೆದಿಟ್ಟುಕೊಳ್ಳಬಹುದಿತ್ತು. ಈಗ ಪ್ರತಿ ವರ್ಷ ಹೈಬ್ರಿಡ್ ಬೀಜ ಕೊಳ್ಳಬೇಕು. ಈ ಬದಲಾವಣೆಯ ಹಿಂದೆ ಮೈಟೋಕಾಂಡ್ರಿಯದ ಕಥೆಯಿದೆ. ಪಠ್ಯಪುಸ್ತಕದಲ್ಲಿ ಇದನ್ನು ಜೀವಕೋಶದ ಶಕ್ತಿಕೇಂದ್ರವೆಂದಷ್ಟೇ ಓದಿ ಮುಂದೆ ಹೋಗುತ್ತೇವೆ.

ಎರಡು ತಳಿಗಳನ್ನು ಕೂಡಿಸಿ ಹೈಬ್ರಿಡ್ ಬೀಜ ಪಡೆಯಬೇಕಾದರೆ ತಾಯಿಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಬಾರದು. ಹತ್ತಿಯ ಹೂವು ದೊಡ್ಡದು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ಬೀಜಕ್ಕಾಗಿ ಕೈಯಿಂದಲೇ ಕೇಸರ ಕೀಳುತ್ತಿದ್ದರು. ಸೂರ್ಯಕಾಂತಿಯ ಒಂದೊಂದು ತೆನೆಯಲ್ಲಿ ನೂರಾರು ಪುಟ್ಟ ಹೂಗಳು. ಅಲ್ಲಿ ಅದು ಆಗದ ಮಾತು.

ದಾರಿ ತೋರಿದವರು ಫ್ರಾನ್ಸಿನ ಪ್ಯಾಟ್ರಿಸ್ ಲೆಕ್ಲೆರ್ಕ್. ಕಾಡು ಸೂರ್ಯಕಾಂತಿಯನ್ನು ತಾಯಿಯಾಗಿಸಿ ಬೇಸಾಯದ ತಳಿಯೊಡನೆ ಕೂಡಿಸಿ, ಪರಾಗವಿಲ್ಲದ ಗಿಡಗಳನ್ನು ಪಡೆದದ್ದಾಗಿ ಅವರು 1969ರಲ್ಲಿ ಪ್ರಕಟಿಸಿದರು. ಕಾರಣ ಆಮೇಲೆ ತಿಳಿಯಿತು. ಈ ಗಿಡಗಳ ಮೈಟೋಕಾಂಡ್ರಿಯದಲ್ಲಿ ಒಂದು ಹೆಚ್ಚಿನ ವಂಶವಾಹಿ ಇದೆ. ಅದು ತಯಾರಿಸುವ ಪ್ರೋಟೀನಿನಿಂದಾಗಿ, ಪರಾಗಕೋಶದೊಳಗೆ ಪರಾಗಕಣಗಳಿಗೆ ಆಹಾರ ಒದಗಿಸುವ ಪದರ ಅವಧಿಗೆ ಮುನ್ನವೇ ಸಾಯುತ್ತದೆ. ಆದರೆ ಗಿಡ ಚೆನ್ನಾಗಿಯೇ ಬೆಳೆಯುತ್ತದೆ, ಬೇರೆ ಗಿಡದ ಪರಾಗ ಸಿಕ್ಕರೆ ಕಾಳೂ ಕಟ್ಟುತ್ತದೆ. ಮೈಟೋಕಾಂಡ್ರಿಯ ತಾಯಿಯಿಂದಲೇ ಬರುವುದರಿಂದ ಈ ಗುಣವೂ ತಾಯಿಯ ಕಡೆಯಿಂದ ಇಳಿದು ಬರುತ್ತದೆ.

ಹಾಗಾದರೆ ರೈತನ ಹೊಲದಲ್ಲಿ ಪರಾಗ ಎಲ್ಲಿಂದ? 1970ರಲ್ಲಿ ಅಮೆರಿಕದ ಕಿನ್‌ಮನ್, ಪರಾಗವನ್ನು ಮರಳಿ ಕೊಡುವ ವಂಶವಾಹಿಯುಳ್ಳ ತಳಿಯನ್ನು ವರದಿ ಮಾಡಿದರು. ಅದು ಇರುವುದು ಕೋಶಕೇಂದ್ರದಲ್ಲಿ, ಆದ್ದರಿಂದ ತಂದೆಗಿಡದಿಂದಲೂ ಬರಬಲ್ಲದು. ಇವೆರಡನ್ನೂ ಬಳಸಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಎ. ಸೀತಾರಾಮ್ ರೂಪಿಸಿದ ಬಿಎಸ್‌ಎಚ್-1 ತಳಿ 1980ರಲ್ಲಿ ಬಿಡುಗಡೆಯಾಯಿತು. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ನಮ್ಮ ರಾಜ್ಯದ್ದೆಂಬುದು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ.

ಇಂಥ ಹೈಬ್ರಿಡ್ ಬೆಳೆಯ ಕಾಳನ್ನೇ ಮತ್ತೆ ಬಿತ್ತಿದರೆ ಸುಮಾರು ನಾಲ್ಕರಲ್ಲೊಂದು ಗಿಡಕ್ಕೆ ಪರಾಗವಿರುವುದಿಲ್ಲ, ಉಳಿದವೂ ಒಂದೇ ಸಮನಾಗಿರುವುದಿಲ್ಲ. ಬೀಜದ ಖರ್ಚು ತಪ್ಪದಿರುವುದು ಇದರಿಂದ.

ಇನ್ನೊಂದು ಅಪಾಯವೂ ಇದೆ. ಅಮೆರಿಕದಲ್ಲಿ ಬಹುಪಾಲು ಮುಸುಕಿನ ಜೋಳ ಪರಾಗವಿಲ್ಲದ ಒಂದೇ ತಾಯಿಮೂಲದಿಂದ ಬಂದದ್ದಾಗಿತ್ತು. 1970ರಲ್ಲಿ ಎಲೆ ಅಂಗಮಾರಿ ರೋಗ ಬಂದಾಗ ಆ ದೇಶದ ಬೆಳೆಯ ಸುಮಾರು ಶೇ. 15 ನಾಶವಾಯಿತು. ಅಲ್ಲಿ ಪರಾಗ ತಡೆಯುತ್ತಿದ್ದ ಮೈಟೋಕಾಂಡ್ರಿಯದ ಪ್ರೋಟೀನೇ ಶಿಲೀಂಧ್ರದ ವಿಷಕ್ಕೆ ಬಾಗಿಲು ತೆರೆದಿತ್ತು. ಸೂರ್ಯಕಾಂತಿಯಲ್ಲಿ ಬೇರೆ ಕಾಡುತಳಿಗಳಿಂದಲೂ ಇಂಥ ತಾಯಿಮೂಲಗಳನ್ನು ಪಡೆದಿದ್ದಾರೆ. ಆದರೂ ಲೋಕದ ಬಹುಪಾಲು ಸೂರ್ಯಕಾಂತಿ ಹೈಬ್ರಿಡ್‌ಗಳು ಇಂದಿಗೂ ಲೆಕ್ಲೆರ್ಕ್ ಪಡೆದ ಆ ಒಂದೇ ಮೂಲವನ್ನು ನೆಚ್ಚಿಕೊಂಡಿವೆ.