ಬರುವಾಗಲ್ಲ, ಹೋಗುವಾಗ

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಚಿಪ್ಪುಗಳ ಜೊತೆಗೆ ಒಂದು ಕತೆಯನ್ನೂ ತರುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಮೊದಲು ಇಲ್ಲಿ ಕಾಲಿಟ್ಟ, ಮೇರಿಯ ಹೆಸರಿಟ್ಟ, ಆಮೇಲೆ ಕೇರಳಕ್ಕೆ ಹೋದ ಎಂಬ ಕತೆ. ನಾನೂ ತಂದಿದ್ದೆ. ಬಿ.ಎ. ಓದುವಾಗ ಪ್ರವಾಸದಲ್ಲಿ ಕೇಳಿದ್ದು ವರ್ಷಗಟ್ಟಲೆ ತಲೆಯಲ್ಲಿ ಸುಮ್ಮನೆ ಕೂತಿತ್ತು. ಕೊನೆಗೆ ಕರಾವಳಿಯ ಬಂದರುಗಳ ಕುರಿತ ನನ್ನ ಪಿಎಚ್.ಡಿ. ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಒಂದು ವಾಕ್ಯವಾಗಿ ಎದ್ದು ಬಂತು. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಎರಡೇ ಪದ ಬರೆದಿದ್ದರು: ‘ಯಾವ ದಿಕ್ಕಿನಿಂದ?’

ಉತ್ತರ ಹುಡುಕಲು ಮಲ್ಪೆಗೆ ಹೋಗಬೇಕಾಗಿರಲಿಲ್ಲ, ಗ್ರಂಥಾಲಯಕ್ಕೆ ಹೋಗಿದ್ದರೆ ಸಾಕಾಗುತ್ತಿತ್ತು. ಆದರೂ ಡಿಸೆಂಬರಿನಲ್ಲಿ ನಾಲ್ಕು ದಿನ ಸಿಕ್ಕಿತು, ಹೊರಟೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಅರೆಬೈಲು ಘಟ್ಟ ಇಳಿದು ಅಂಕೋಲಾ, ಕುಮಟಾ, ಭಟ್ಕಳ ದಾಟುವಷ್ಟರಲ್ಲಿ ಧಾರವಾಡದ ಚಳಿಗೆಂದು ಹಾಕಿಕೊಂಡಿದ್ದ ಸ್ವೆಟರು ಚೀಲ ಸೇರಿತ್ತು.

ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ, ಹಾಗಾಗಿ ಬಿಡಾರ ಮಲ್ಪೆಯಲ್ಲೇ. ಬೆಳಿಗ್ಗೆ ದೋಣಿ ಹಿಡಿದು ಹೋಗುವುದು, ಸಂಜೆ ಪಡುಕೆರೆಯ ಕಡೆ ನಡೆಯುವುದು. ಪಡುಕೆರೆ ಎಂದರೆ ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು, ನಡುವೆ ತೆಂಗು ಮತ್ತು ಮನೆಗಳ ಒಂದು ಪಟ್ಟಿ. ದಂಡೆಯಲ್ಲಿ ನಿಂತು ಸಂಜೆ ನೋಡಿದರೆ ದ್ವೀಪಗಳು ನೀರಿನ ಮೇಲೆ ಯಾರೋ ಇದ್ದಿಲಿನಿಂದ ಎಳೆದ ಗೆರೆಯಂತೆ ಕಾಣುತ್ತವೆ. ಅಷ್ಟು ತಗ್ಗು. ತೆಂಗಿನಮರ ಇಲ್ಲದಿದ್ದರೆ ಅಲ್ಲಿ ನೆಲವಿದೆ ಎಂದು ನಂಬುವುದೇ ಕಷ್ಟ.

ಹತ್ತಿರ ಹೋದರೆ ಬೇರೆಯೇ ನೋಟ. ಕಲ್ಲಿನ ಕಂಬಗಳು. ಐದು ಮೂಲೆಯವು, ಆರು ಮೂಲೆಯವು, ಏಳರವೂ ಇವೆ. ಕೆಲವು ನೆಟ್ಟಗೆ ನಿಂತಿವೆ, ಕೆಲವು ಒಂದರ ಮೇಲೊಂದು ಒರಗಿವೆ, ಇನ್ನು ಕೆಲವು ಅಲೆಗೆ ಸವೆದು ಮೆಟ್ಟಿಲುಗಳಾಗಿವೆ. ಉಕ್ಕಿ ಬಂದ ಶಿಲಾರಸ ತಣ್ಣಗಾಗುತ್ತ ಕುಗ್ಗಿ, ಕುಗ್ಗಿದಂತೆ ಮೇಲಿನಿಂದ ಕೆಳಗೆ ಸೀಳಿ ಆದವು ಇವು. ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನವಲಗುಂದದ ಎರೆಹೊಲ ಬೇಸಿಗೆಯಲ್ಲಿ ಬಿರಿಯುವುದನ್ನು ಕಂಡವರಿಗೆ ಆ ಮೂಲೆಗಳ ಲೆಕ್ಕ ಗೊತ್ತು. ಹೊಲದಲ್ಲಿ ಆ ಬಿರುಕನ್ನು ಮಳೆ ಮುಚ್ಚುತ್ತದೆ, ಇಲ್ಲಿ ಸುಮಾರು 9 ಕೋಟಿ ವರ್ಷಗಳಿಂದ ಹಾಗೇ ಉಳಿದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಅಗ್ನಿಶಿಲೆ ಇದು, ಅಲ್ಲಿಯೂ ಇದೇ ವಯಸ್ಸಿನ ಕಲ್ಲುಗಳಿವೆ. ದಖ್ಖನ್ನಿನ ಲಾವಾ ಹರಿದದ್ದು ಇದಾದ ಎರಡು ಕೋಟಿ ವರ್ಷಗಳಿಗೂ ಆಮೇಲೆ.

ಎಲ್ಲರೂ ಇದನ್ನು ಬಸಾಲ್ಟ್ ಎನ್ನುತ್ತಾರೆ. ಪರೀಕ್ಷಿಸಿದವರು ಹೇಳುವುದು ಬೇರೆ: ಸಿಲಿಕಾ ಹೆಚ್ಚಿರುವ ರಯೋಲೈಟ್ ಮತ್ತು ಡೇಸೈಟ್ ಜಾತಿಯ ಕಲ್ಲು. ಕಂಬದ ಆಕಾರ ಕಂಡ ಕೂಡಲೇ ಬಸಾಲ್ಟ್ ಎನ್ನುವ ರೂಢಿಯೇ ಗೆದ್ದಿದೆ. ಹೆಸರುಗಳ ವಿಷಯದಲ್ಲಿ ಈ ದ್ವೀಪಕ್ಕೆ ಅದೃಷ್ಟ ಕಡಿಮೆ ಎಂದು ಕಾಣುತ್ತದೆ. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ಎದುರಿನ ದಡದ ಊರು ತೋನ್ಸೆ. ನಾನು ಮಾತಾಡಿಸಿದ ದೋಣಿಯವರೊಬ್ಬರು ಪ್ರವಾಸಿಗಳಿಗೆ ‘ಸೇಂಟ್ ಮೇರಿ’ ಎನ್ನುತ್ತಿದ್ದರು, ತಮ್ಮವರ ಜೊತೆ ತುಳುವಿನಲ್ಲಿ ಮಾತಿಗಿಳಿದಾಗ ತೋನ್ಸೆಪಾರ್ ಎನ್ನುತ್ತಿದ್ದರು.

ಇನ್ನು ದಿಕ್ಕಿನ ಪ್ರಶ್ನೆ. ಗಾಮನ ಮೊದಲ ಯಾನದ ದಿನಚರಿಯೊಂದು ಉಳಿದಿದೆ. ಹಡಗಿನಲ್ಲಿದ್ದವನೇ ಬರೆದದ್ದು, ಅಲ್ವಾರೊ ವೇಲ್ಯೊ ಎಂಬವನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪೋರ್ಚುಗಲ್ಲಿನಲ್ಲಿ ಅದು ಅಚ್ಚಾದದ್ದು 1838ರಲ್ಲಿ, ರೇವನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 1898ರಲ್ಲಿ. ಅದರ ಪ್ರಕಾರ ಹಡಗುಗಳು ಆಫ್ರಿಕದ ಮಲಿಂದಿಯಿಂದ ನೇರ ಸಮುದ್ರ ದಾಟಿ 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ನಡುವೆ ನಮ್ಮ ಕರಾವಳಿ ಬರುವುದೇ ಇಲ್ಲ. ಕಲ್ಲಿಕೋಟೆಯಲ್ಲಿ ಮೂರು ತಿಂಗಳು ಕಳೆಯಿತು. ತಂದ ಸರಕು ಕೊಳ್ಳುವವರಿಲ್ಲ, ಸಾಮೂದಿರಿಯ ಜೊತೆ ಮನಸ್ತಾಪ, ಒಬ್ಬರ ಜನರನ್ನು ಇನ್ನೊಬ್ಬರು ಹಿಡಿದಿಟ್ಟುಕೊಳ್ಳುವುದು. ಆಗಸ್ಟ್ 29ರಂದು ಅವರು ಅಲ್ಲಿಂದ ಹೊರಟಾಗ ಕಲ್ಲಿಕೋಟೆಯ ಕೆಲವರು ಹಡಗಿನಲ್ಲಿ ಬಂದಿಗಳಾಗಿದ್ದರು. ಮರುದಿನ ಸುಮಾರು ಎಪ್ಪತ್ತು ದೋಣಿಗಳು ಬೆನ್ನಟ್ಟಿ ಬಂದವು.

ದ್ವೀಪ ಬರುವುದು ಇದೆಲ್ಲ ಆದ ಮೇಲೆ, ಸೆಪ್ಟೆಂಬರ್ 15ರ ಶನಿವಾರ. ಮನೆಯತ್ತ ಹೊರಟವರು, ಗಾಳಿ ಸಾಲದೆ ಕರಾವಳಿಗುಂಟ ಉತ್ತರಕ್ಕೆ ತೆವಳುತ್ತಿದ್ದರು. ನೆಲಗಾಳಿ ಬೀಸಿದಾಗ ಸ್ವಲ್ಪ, ಕಡಲಗಾಳಿ ಬೀಸಿದಾಗ ಸ್ವಲ್ಪ. ಇದನ್ನು ಓದಿದಾಗ ನನಗೆ ಏನೂ ಅನಿಸಿರಲಿಲ್ಲ. ಮಲ್ಪೆಯಲ್ಲಿ ನಾಲ್ಕು ದಿನ ನಡೆದ ಮೇಲೆ ಮೈಗೆ ಅರ್ಥವಾಯಿತು. ಬೆಳಿಗ್ಗೆ ಬೆನ್ನಿಗೆ ತಣ್ಣಗೆ ತಾಗುವ ಗಾಳಿ ಊರ ಕಡೆಯಿಂದ ಬರುತ್ತದೆ, ಒಂದಷ್ಟು ಹೊತ್ತು ಸತ್ತಂತೆ ನಿಲ್ಲುತ್ತದೆ, ಮಧ್ಯಾಹ್ನ ಎದುರಿನಿಂದ ಶುರುವಾಗುತ್ತದೆ. ಆ ನಿಂತ ಗಳಿಗೆಯಲ್ಲಿ ಹಾಯಿ ಹಡಗಿಗೆ ಕಾಯುವುದೊಂದೇ ಕೆಲಸ.

ಕಂಬದ ಕತೆ ಇನ್ನೂ ಸ್ವಾರಸ್ಯದ್ದು. ಪೋರ್ಚುಗಲ್ಲಿನ ದೊರೆ ಮೂರು ಕಲ್ಲುಕಂಬ ಕೊಟ್ಟು ಕಳಿಸಿದ್ದ: ಸಂತ ರಾಫೇಲ, ಸಂತ ಗೇಬ್ರಿಯಲ, ಸಂತ ಮರಿಯ. ಮೊದಲನೆಯದು ಆಫ್ರಿಕದ ತೀರದಲ್ಲಿ ಮುಗಿದಿತ್ತು, ಎರಡನೆಯದು ಕಲ್ಲಿಕೋಟೆಗೆ ಹೋಗಿತ್ತು. ಉಳಿದದ್ದು ಮರಿಯಳದು. ಅದನ್ನು ಇಲ್ಲಿ ನೆಟ್ಟರು. ಹೊಸ ನಾಡು ಕಂಡ ಉತ್ಸಾಹಕ್ಕಿಂತ, ಚೀಟಿಯಲ್ಲಿ ಬರೆದುಕೊಟ್ಟ ಕೆಲಸವನ್ನು ಊರಿಗೆ ಮರಳುವ ಮುನ್ನ ಮುಗಿಸುವ ಅವಸರವೇ ನನಗೆ ಇದರಲ್ಲಿ ಹೆಚ್ಚು ಕಾಣುತ್ತದೆ.

ದಿನಚರಿಕಾರ ದಡದ ಯಾವ ಊರನ್ನೂ ಹೆಸರಿಸುವುದಿಲ್ಲ. ನಡುಗಡ್ಡೆಗಳು ನೆಲದಿಂದ ಎರಡು ಲೀಗ್ ದೂರ ಎನ್ನುತ್ತಾನೆ. ಪೋರ್ಚುಗೀಸ್ ಲೀಗ್ ಸುಮಾರು ಆರು ಕಿಲೋಮೀಟರ್. ಮಲ್ಪೆಯಿಂದ ದ್ವೀಪಕ್ಕಿರುವ ದೂರವೇ ಅಷ್ಟು, ಅಂದರೆ ಒಂದು ಲೀಗ್. ಹಡಗಿನ ಮೇಲಿನಿಂದ ಕಣ್ಣಳತೆಯಲ್ಲಿ ಹೇಳಿದ ಲೆಕ್ಕಕ್ಕೆ ಇಷ್ಟು ವ್ಯತ್ಯಾಸ ದೊಡ್ಡದಲ್ಲ. ಮೇರಿಯ ಹೆಸರು ಅಂಟಿಕೊಂಡು ಉಳಿದದ್ದಂತೂ ಇಲ್ಲಿಯೇ. ಕಂಬ ಮಾತ್ರ ಉಳಿದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದಿಕ್ಕೂ ಅಲ್ಲ, ದೂರವೂ ಅಲ್ಲ. ಅಂದು ಹಡಗಿನ ಬಳಿಗೆ ಕೆಲವರು ದೋಣಿಗಳಲ್ಲಿ ಮೀನು ಮಾರಲು ಬಂದರು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು ಉಪಚರಿಸಿದ, ನಡುಗಡ್ಡೆಯ ಮೇಲೆ ಕಂಬ ನೆಟ್ಟರೆ ಆದೀತೇ ಎಂದು ಕೇಳಿದ. ಅವರು ಬಹಳ ಸಂತೋಷ ಎಂದರಂತೆ, ಕಂಬ ನೆಟ್ಟರೆ ನೀವೂ ನಮ್ಮ ಹಾಗೆ ಕ್ರೈಸ್ತರೇ ಎಂಬುದು ಖಚಿತವಾಗುತ್ತದೆ ಎಂದರಂತೆ! ಕಲ್ಲಿಕೋಟೆಯಲ್ಲಿ ಗುಡಿಯನ್ನು ಇಗರ್ಜಿಯೆಂದು ತಿಳಿದು ಒಳಹೊಕ್ಕವರು ಇವರು. ಕೇಳಬೇಕೆಂದಿದ್ದದ್ದೇ ಕೇಳಿಸಿದೆ. ಪ್ರಶ್ನೆ ಪೋರ್ಚುಗೀಸಿನಲ್ಲಿ ಹುಟ್ಟಿ ಎಷ್ಟು ಬಾಯಿ ದಾಟಿ ಆ ದೋಣಿ ತಲುಪಿತೋ. ಉತ್ತರವೂ ಅಷ್ಟೇ ಬಾಯಿ ದಾಟಿ ಹಿಂದಿರುಗಿರಬೇಕು.

ಆ ಹೊತ್ತಿಗೆ ಬಾರ್ಕೂರಿನ ಸೀಮೆ ವಿಜಯನಗರದ ಆಡಳಿತದಲ್ಲಿತ್ತು. ಪಟ್ಟದಲ್ಲಿ ಇಮ್ಮಡಿ ನರಸಿಂಹ, ಅಧಿಕಾರ ನರಸ ನಾಯಕನ ಕೈಯಲ್ಲಿ. ಕಂಬಕ್ಕೆ ಒಪ್ಪಿಗೆ ಕೇಳಿದ್ದು ಅವರನ್ನಲ್ಲ, ಅವರ ಅಧಿಕಾರಿಗಳನ್ನೂ ಅಲ್ಲ, ಮೀನು ಮಾರಲು ಬಂದವರನ್ನು. ಅವರಾದರೂ ಏನೆನ್ನಬೇಕಿತ್ತು? ಮುಂದೆ ದೊಡ್ಡ ಹಡಗು, ಕೈಯಲ್ಲಿ ಹೊಸ ಅಂಗಿ, ಬುಟ್ಟಿಯಲ್ಲಿ ಬಿಸಿಲಿಗೆ ಕೆಡುವ ಮೀನು.

ಕೊನೆಯ ದಿನ ದೋಣಿಯವರಿಗೆ ಇದನ್ನೆಲ್ಲ ಹೇಳಿದೆ. ಗಾಮ ಬಂದದ್ದು ಹೋಗುವಾಗ ಅಲ್ರೀ, ವಾಪಸ್ ಹೋಗುವಾಗ, ಎಂದೆ. ಅವರಿಗೆ ಅದು ದೊಡ್ಡ ಸುದ್ದಿ ಅನಿಸಲಿಲ್ಲ.

“ಸೆಪ್ಟೆಂಬರಾ? ಆಗ ನಾವು ಪ್ರವಾಸಿಗಳನ್ನು ಕರ್ಕೊಂಡು ಹೋಗುವುದೇ ಇಲ್ಲ ಮಾರಾಯ್ರೆ, ಕಡಲು ಪೂರ್ತಿ ಇಳಿದಿರುವುದಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ಮೀನಿಗೆ ದುಡ್ಡು ಕೊಟ್ಟನಾ, ಅಂಗಿ ಮಾತ್ರವಾ?”

ದಿನಚರಿಯನ್ನು ಎಷ್ಟೋ ಸಲ ಓದಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಅಷ್ಟರಲ್ಲಿ ಕಾವಲಿನವರು ಸೀಟಿ ಊದುತ್ತ ಕೊನೆಯ ದೋಣಿಗೆ ಜನರನ್ನು ಕರೆಯತೊಡಗಿದರು. ಬಂಡೆಯ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಹುಡುಗರು ಕಂಬದಿಂದ ಕಂಬಕ್ಕೆ ಹಾರುತ್ತ ಬಂದರು. ಪೂರ್ವಕ್ಕೆ, ತೆಂಗಿನ ಸಾಲಿನ ಹಿಂದೆ, ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಗಾಮನ ಹಡಗುಗಳು ಇಲ್ಲಿಂದ ಮುಂದೆ ಸಾಗಿ ಕಾರವಾರದೆದುರಿನ ಅಂಜದೀವನ್ನು ಸೇರಿದವು, ಅಲ್ಲಿ ದಿನಗಟ್ಟಲೆ ತಂಗಿ ರಿಪೇರಿ ಮಾಡಿಕೊಂಡು, ನೀರು ತುಂಬಿಕೊಂಡು ಅಕ್ಟೋಬರಿನಲ್ಲಿ ಹೊರಟವು. ಅದು ನನ್ನ ಮುಂದಿನ ಅಧ್ಯಾಯದ ಮಾತು.

ಧಾರವಾಡಕ್ಕೆ ಬಂದು ಆ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಈಗ ಒಂದೂವರೆ ಪುಟವಿದೆ. ಗಾಮ ಮೂರನೆಯ ಸಾಲಿನಲ್ಲಿ ಬರುತ್ತಾನೆ, ಮೀನಿನ ದೋಣಿಗಳು ಮೊದಲ ಸಾಲಿನಲ್ಲಿ. ತೋನ್ಸೆಪಾರ್ ಎಂಬ ಹೆಸರನ್ನೇ ಬಳಸಿದ್ದೇನೆ, ಸೇಂಟ್ ಮೇರಿಸ್ ಆವರಣದೊಳಗೆ ಹೋಗಿದೆ. ಪ್ರತಿಯನ್ನು ಮಾರ್ಗದರ್ಶಕರಿಗೆ ಕೊಟ್ಟು ಎರಡು ವಾರವಾಯಿತು, ಇನ್ನೂ ಅವರ ಮೇಜಿನ ಮೇಲಿದೆ.